ಈ ನೊಣ ಯಾರ ಮನೆತನದ್ದು?

ಕಳೆದ ಮೇ ತಿಂಗಳಲ್ಲಿ ರಜೆ ಮುಗಿಸಿ ಮಸ್ಕತ್‌ಗೆ ಮರಳಿದ ಗೆಳತಿಯೊಬ್ಬರು ನಮ್ಮ ಮನೆಗೆ ಹನ್ನೆರಡು ಬಾದಾಮಿ ಹಣ್ಣು ತಂದುಕೊಟ್ಟರು. ಶ್ರೀನಿವಾಸಪುರದ ಹತ್ತಿರ ನನ್ನ ಸೋದರಮಾವನ ತೋಟವಿದೆ, ಹಣ್ಣು ಅಲ್ಲಿಯದೇ. ಹೊರಗೆ ಸುಡುವ ಬಿಸಿಲು, ಒಳಗೆ ಎ.ಸಿ. ಗಾಳಿಯಲ್ಲಿ ಕೋಲಾರದ ಪರಿಮಳ. ರಾತ್ರಿ ಊಟವಾದ ಮೇಲೆ ಮೊದಲ ಹಣ್ಣು ಕೊಯ್ದೆ. ಒಳಗೆ ಅಕ್ಕಿಕಾಳಿನಂಥ ಬಿಳಿ ಹುಳುಗಳು ಹೊರಳಾಡುತ್ತಿದ್ದವು. ಅದರಲ್ಲೊಂದು ಬಿಲ್ಲಿನ ಹಾಗೆ ಬಾಗಿ ಟಣ್ಣನೆ ಮೇಜಿನ ಆಚೆಗೆ ಹಾರಿತು. ಮಗ ಕಿರುಚಿಕೊಂಡು ಎದ್ದ. ಹನ್ನೆರಡರಲ್ಲಿ ಐದು ಹಣ್ಣು ಹೀಗೆಯೇ ಹೋದವು.

ಮಾವನಿಗೆ ಫೋನ್ ಮಾಡಿದೆ. "ಊಜಿ ಹೊಡೆದಿರ್ತದಮ್ಮ. ಈ ವರ್ಷ ಮಳೆ ಮುಂಚೆ ಬಂತಲ್ಲ, ತೋಟದ ತುಂಬಾ ಅದೇ" ಅಂದರು. ನಾನು ಪಾಠ ಹೇಳುವವಳು, ಸುಮ್ಮನಿರಲಾರೆ. "ಊಜಿ ಅಂದರೆ ರೇಷ್ಮೆ ಹುಳುವಿಗೆ ಬರೋದಲ್ವಾ ಮಾವ? ಇದು ಬೇರೆ ನೊಣ. ಎರಡಕ್ಕೂ ನೆಂಟಸ್ತಿಕೆ ಇಲ್ಲ" ಅಂದೆ. ಮಾವ ನಕ್ಕರು. "ನೊಣದ ನೆಂಟಸ್ತಿಕೆ ಕಟ್ಟಿಕೊಂಡು ನನಗೇನಾಗಬೇಕಮ್ಮ? ಹಣ್ಣು ಉಳಿದರೆ ಸಾಕು."

(ಹಣ್ಣನ್ನು ಹೀಗೆ ಪೆಟ್ಟಿಗೆಯಲ್ಲಿಟ್ಟು ದೇಶ ದಾಟಿಸುವುದೇ ತಪ್ಪು ಎಂದು ಗೊತ್ತಿದ್ದೂ ನಾವೆಲ್ಲ ಮಾಡುತ್ತೇವೆ. ಆ ಐದು ಹಣ್ಣನ್ನು ಎರಡು ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಆಮೇಲೆ ಬಿಸಾಡಿದೆ. ಅಷ್ಟಾದರೂ ಪ್ರಾಯಶ್ಚಿತ್ತ.)

ಮಾವನ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಅವರದು ಬರಿಯ ತಮಾಷೆಯೂ ಆಗಿರಲಿಲ್ಲ, ವರ್ಷದ ದುಡಿಮೆಯ ಮಾತು. ಆಮೇಲೆ ಓದುತ್ತಾ ಹೋದಂತೆ ಉತ್ತರ ಇದೆ ಅನ್ನಿಸಿತು.

ನಮ್ಮ ಮಾತಿನಲ್ಲಿ ಎರಡು ಬೇರೆ ಬೇರೆ ಪ್ರಾಣಿಗೆ 'ಹಣ್ಣು ನೊಣ' ಎಂಬ ಒಂದೇ ಹೆಸರು. ಒಂದು, ಕಳಿತ ಬಾಳೆಹಣ್ಣಿನ ಮೇಲೆ ಏಳುವ ಕೆಂಪು ಕಣ್ಣಿನ ಸಣ್ಣ ನೊರಜು, ವಿಜ್ಞಾನಿಗಳ ಡ್ರೊಸೊಫಿಲ. ಇನ್ನೊಂದು, ಮನೆನೊಣದಷ್ಟೇ ದೊಡ್ಡದಾದ, ಕಣಜದ ಹಾಗೆ ಕಾಣುವ ಮಾವಿನ ನೊಣ, ಬ್ಯಾಕ್ಟ್ರೊಸೆರ ಡಾರ್ಸಾಲಿಸ್. ಮೊದಲನೆಯದಕ್ಕೆ ಹುದುಗಿದ ಹಣ್ಣಿನ ಯೀಸ್ಟ್ ಬೇಕು, ಎರಡನೆಯದು ಬಲಿಯುತ್ತಿರುವ ಹಣ್ಣನ್ನೇ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. 'ಊಜಿ'ಯ ಕಥೆಯೂ ಹಾಗೆಯೇ. ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನ ಜೊತೆ ಕರ್ನಾಟಕಕ್ಕೆ ಬಂತು. ರೇಷ್ಮೆಯೂ ಮಾವೂ ಒಟ್ಟಿಗೆ ಬೆಳೆಯುವ ನಮ್ಮ ಕಡೆ ಆ ಹೆಸರು ಮಾವಿನ ನೊಣಕ್ಕೂ ಅಂಟಿಕೊಂಡಿತು. ವಂಶದ ಲೆಕ್ಕದಲ್ಲಿ ರೇಷ್ಮೆಯ ಊಜಿ ಮನೆನೊಣದ ಬಳಗ. ಮಾವಿನ ನೊಣದ ಕೊಂಬೆಯೇ ಬೇರೆ, ನೊರಜಿನ ಕೊಂಬೆ ಮತ್ತೂ ಬೇರೆ.

ಹಾಗಾದರೆ ಈ ವಂಶದ ಲೆಕ್ಕ ಬರೆದವರು ಯಾರು? ನೊಣಗಳು ನಮ್ಮ ಹಾಗೆ ಗೋತ್ರ ಹೇಳುವುದಿಲ್ಲವಲ್ಲ.

ನೊಣ, ಸೊಳ್ಳೆ, ಗುಂಗಾಡಿ ಎಲ್ಲವೂ ಸೇರಿದ ಗಣಕ್ಕೆ ಡಿಪ್ಟೆರ ಎಂದು ಹೆಸರು, ಅಂದರೆ ಎರಡು ರೆಕ್ಕೆಯವು. ಉಳಿದ ಕೀಟಗಳಿಗೆ ನಾಲ್ಕು ರೆಕ್ಕೆ. ಇವಕ್ಕೆ ಹಿಂದಿನ ಜೋಡಿ ಕುಗ್ಗಿ ಸಣ್ಣ ಗುಬುಟಿನ ಕಡ್ಡಿಗಳಾಗಿವೆ, ಹಾರುವಾಗ ಸಮತೋಲ ಕಾಯುವುದು ಅವುಗಳ ಕೆಲಸ. ಇಲ್ಲಿಯವರೆಗೆ ಹೆಸರು ಪಡೆದ ಪ್ರಭೇದಗಳೇ ಒಂದೂವರೆ ಲಕ್ಷಕ್ಕೂ ಹೆಚ್ಚು. ಹಳಬರು ಇವನ್ನು ಕುಡಿಮೀಸೆ ನೋಡಿ ಎರಡು ಪಾಲು ಮಾಡಿದ್ದರು. ಉದ್ದ ದಾರದಂಥ ಮೀಸೆಯ ಸೊಳ್ಳೆ, ಗುಂಗಾಡಿಗಳು ಒಂದು ಕಡೆ, ಮೋಟು ಮೀಸೆಯ ಮನೆನೊಣ, ಕುದುರೆನೊಣಗಳು ಇನ್ನೊಂದು ಕಡೆ. ನೋಡಿದರೆ ಅಚ್ಚುಕಟ್ಟು. ನನ್ನ ಬಿ.ಎಸ್ಸಿ. ಪುಸ್ತಕದಲ್ಲೂ ಹಾಗೆಯೇ ಇತ್ತು.

ಅದು ಯಾಕೆ ತಪ್ಪು ಎಂದು ಹೇಳಲು ನೊಣಕ್ಕಿಂತ ಭಾಷೆ ಸುಲಭ. ಮಾವನ ಊರಿನಲ್ಲಿ ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ನಮ್ಮ ಸಂಘದಲ್ಲಿ ಅರ್ಧದಷ್ಟು ಜನ ತುಳುವರು, ಅಕ್ಕಪಕ್ಕದ ಫ್ಲಾಟಿನಲ್ಲಿ ಮಲಯಾಳಿಗಳು, ತಮಿಳರು. ಎಲ್ಲರನ್ನೂ ಕೂರಿಸಿ ಹುಲಿಗೆ ಏನನ್ನುತ್ತೀರಿ ಎಂದು ಕೇಳಿ. ತಮಿಳು, ಮಲಯಾಳ, ತೆಲುಗಿನಲ್ಲಿ ಪುಲಿ. ತುಳುವಿನಲ್ಲಿ ಪಿಲಿ. ಕನ್ನಡ ಮಾತ್ರ ಹುಲಿ. ಕಿವಿಯನ್ನಷ್ಟೇ ನಂಬಿದರೆ ಆ ನಾಲ್ಕೂ ಒಂದು ಮನೆ, ಕನ್ನಡ ಹೊರಗಿನದು ಅನ್ನಬೇಕಾಗುತ್ತದೆ. ಆದರೆ ಭಾಷಾವಿಜ್ಞಾನಿಗಳ ಪ್ರಕಾರ ತಮಿಳಿಗೆ ಹತ್ತಿರದ ನೆಂಟ ಕನ್ನಡವೇ, ತೆಲುಗು ಅದಕ್ಕಿಂತ ಹಿಂದೆಯೇ ಕವಲೊಡೆದದ್ದು. ಹಳಗನ್ನಡದಲ್ಲಿ ನಮ್ಮದೂ ಪುಲಿಯೇ, ಪಾಲೇ, ಪಳ್ಳಿಯೇ. ಆ ಪಕಾರ ಮೂಲಮನೆಯ ಹಳೆಯ ಪಾತ್ರೆ. ಅದನ್ನು ಯಾರು ಇಟ್ಟುಕೊಂಡಿದ್ದಾರೆ ಎನ್ನುವುದು ಯಾರು ಯಾರ ಅಣ್ಣತಮ್ಮ ಎಂದು ಹೇಳುವುದಿಲ್ಲ. ಹೇಳುವುದು ಹೊಸದಾಗಿ ಆದ ಬದಲಾವಣೆ. ಪ ಹೋಗಿ ಹ ಬಂದದ್ದು ಹಾಗೆ ಹೊಸದು. ನೀಲಗಿರಿಯ ಬಡಗರೂ ಹಾಲಿಗೆ ಹಾಲು ಎನ್ನುತ್ತಾರೆ ಎಂಬುದರಿಂದ ಬಡಗ ನುಡಿಗೂ ಕನ್ನಡಕ್ಕೂ ಇರುವ ಹತ್ತಿರದ ನಂಟು ತಿಳಿಯುತ್ತದೆ.

ಇದೇ ಮಾತನ್ನು ಜೀವಿಗಳ ವಿಷಯದಲ್ಲಿ ಖಚಿತವಾದ ವಿಧಾನವಾಗಿ ಕಟ್ಟಿದವನು ವಿಲ್ಲಿ ಹೆನ್ನಿಗ್ ಎಂಬ ಜರ್ಮನ್. ಅವನು ಜೀವಮಾನವಿಡೀ ಕೆಲಸ ಮಾಡಿದ್ದೂ ನೊಣಗಳ ಮೇಲೆ. ಎರಡನೇ ಮಹಾಯುದ್ಧದ ಕೊನೆಗೆ ಇಟಲಿಯಲ್ಲಿ ಮಲೇರಿಯಾ ತಡೆಯುವ ತಂಡದಲ್ಲಿದ್ದ ಅವನು 1945ರಲ್ಲಿ ಬ್ರಿಟಿಷರ ಕೈಗೆ ಸೆರೆಸಿಕ್ಕಿದ. ಸೆರೆಯಲ್ಲೂ ಸೊಳ್ಳೆಯ ಕೆಲಸವನ್ನೇ ಮಾಡುತ್ತಾ, ಬಿಡುವಿನಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ತನ್ನ ಸಿದ್ಧಾಂತದ ಕರಡು ಬರೆದ. 1950ರಲ್ಲಿ ಅದು ಪುಸ್ತಕವಾಯಿತು. 1966ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಜಗತ್ತಿನ ಜೀವವಿಜ್ಞಾನವೇ ಅದರ ಹಿಂದೆ ಹೊರಳಿತು. ಹಂಚಿಕೊಂಡ ಹಳತನ್ನು ನಂಬಬೇಡ, ಹಂಚಿಕೊಂಡ ಹೊಸತನ್ನು ಹುಡುಕು ಎಂಬುದೇ ಅದರ ತಿರುಳು. ನೊಣದ ಉದ್ದ ಮೀಸೆ ಹಳೆಯ ಪಕಾರ, ಮೋಟು ಮೀಸೆ ಹೊಸ ಹಕಾರ. ಮೋಟು ಮೀಸೆಯವೆಲ್ಲ ನಿಜವಾಗಿಯೂ ಒಂದು ಮನೆಯವು. ಉದ್ದ ಮೀಸೆಯವನ್ನು ಒಟ್ಟಿಗೆ ಕಟ್ಟುವುದು ಮಾತ್ರ ತಮಿಳು ತೆಲುಗನ್ನು ಒಂದು ಮಾಡಿ ಕನ್ನಡವನ್ನು ಆಚೆ ಇಟ್ಟ ಹಾಗೆ.

ಆದರೆ ಯಾವ ಲಕ್ಷಣ ಹಳತು, ಯಾವುದು ಹೊಸತು ಎಂದು ಮೀಸೆ, ರೆಕ್ಕೆಯ ನರ, ಕಾಲಿನ ಕೂದಲು ನೋಡಿ ತೀರ್ಮಾನಿಸುವುದು ಕಷ್ಟ. ಒಂದೇ ಬದುಕು ಬದುಕುವವರು ಒಂದೇ ಥರ ಆಗುತ್ತಾರೆ. ಇಪ್ಪತ್ತು ವರ್ಷ ಇಲ್ಲಿದ್ದ ಮಂಗಳೂರಿನವನೂ ಧಾರವಾಡದವನೂ ಮಾತು ಮಾತಿಗೆ 'ಖಲಾಸ್' ಅನ್ನುತ್ತಾರೆ, ಅಷ್ಟಕ್ಕೇ ಅವರು ದಾಯಾದಿಗಳಾಗುವುದಿಲ್ಲ. ಮೈಗಿಂತ ಒಳಗಿನ ದಾಖಲೆ ಬೇಕಿತ್ತು.

ಆ ದಾಖಲೆ ಮೊದಲು ಸಿಕ್ಕಿದ್ದು ಡಿಎನ್‌ಎ ರಚನೆ ತಿಳಿಯುವುದಕ್ಕೂ ಮುಂಚೆ, ನೊಣದ ಎಂಜಲಿನ ಗ್ರಂಥಿಯಲ್ಲಿ! ಡ್ರೊಸೊಫಿಲದ ಮರಿಹುಳುವಿನ ಆ ಗ್ರಂಥಿಯಲ್ಲಿ ಕ್ರೋಮೋಸೋಮುಗಳು ದೈತ್ಯಾಕಾರವಾಗಿ ಬೆಳೆದು, ಸೂಕ್ಷ್ಮದರ್ಶಕದಲ್ಲಿ ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ ನಾನು ಎಷ್ಟು ಮರಿಹುಳುಗಳ ತಲೆ ಎಳೆದಿದ್ದೇನೋ ಲೆಕ್ಕವಿಲ್ಲ. ಎರಡು ಸೂಜಿ, ಒಂದು ಹನಿ ಬಣ್ಣ, ಮೇಲೆ ಗಾಜಿನ ಚೂರಿಟ್ಟು ಹೆಬ್ಬೆಟ್ಟಿನಿಂದ ಒತ್ತಬೇಕು. ಹತ್ತರಲ್ಲಿ ಎಂಟು ಹಾಳಾಗುತ್ತಿದ್ದವು. ಸರಿಬಂದ ದಿನ ಮಾತ್ರ, ಕಪ್ಪು ಬಿಳಿ ಅಂಚಿನ ಸೀರೆಯನ್ನು ಹಾಸಿದ ಹಾಗೆ ಕಾಣುತ್ತಿತ್ತು. ನೊಣಗಳಿಗೆ ನಾವು ಹಾಕುತ್ತಿದ್ದ ಊಟ ರವೆ, ಬೆಲ್ಲ, ಅಗರ್ ಹಾಕಿ ಕುದಿಸಿದ ಗಂಜಿ. ಸಜ್ಜಿಗೆಯ ವಾಸನೆಗೆ ಹಾಸ್ಟೆಲಿನ ಹಸಿವು ಕೆರಳುತ್ತಿತ್ತು.

ಈ ಪಟ್ಟೆಗಳ ಸಾಲಿನಲ್ಲಿ ಕೆಲವೊಮ್ಮೆ ಒಂದು ತುಂಡು ತಿರುಗಿ ಕೂತಿರುತ್ತದೆ. ಒಂದು ನೊಣದಲ್ಲಿ ಕ ಚ ಟ ತ ಪ ಯ ಶ ಎಂದಿದೆ ಅನ್ನಿ. ಇನ್ನೊಂದರಲ್ಲಿ ಚಟತ ಎಂಬ ತುಂಡು ಮಗುಚಿ ಕ ತ ಟ ಚ ಪ ಯ ಶ ಆಗಿದೆ. ಮೂರನೆಯದರಲ್ಲಿ ಕ ತ ಯ ಪ ಚ ಟ ಶ. ಪೆನ್ಸಿಲ್ ಹಿಡಿದು ನೋಡಿ, ಮೊದಲನೆಯದರಿಂದ ಮೂರನೆಯದಕ್ಕೆ ಒಂದೇ ಮಗುಚಿಗೆ ಹೋಗಲಾಗದು. ಎರಡನೆಯದನ್ನು ಹಾಯ್ದೇ ಹೋಗಬೇಕು. ಅಂದರೆ ವಂಶದಲ್ಲಿ ಅದು ನಡುವಿನದು. ದಿಕ್ಕು ಮಾತ್ರ ಇದರಿಂದ ತಿಳಿಯದು, ಯಾವುದು ಅಜ್ಜ ಯಾವುದು ಮೊಮ್ಮಗ ಎನ್ನಲು ಬೇರೆ ಸಾಕ್ಷಿ ಬೇಕು. ಅಮೆರಿಕದಲ್ಲಿ ಆಲ್ಫ್ರೆಡ್ ಸ್ಟರ್ಟವಂಟ್ ಮತ್ತು ಥಿಯೊಡೋಸಿಯಸ್ ಡೊಬ್‌ಝಾನ್‌ಸ್ಕಿ 1936ರಲ್ಲಿ ಡ್ರೊಸೊಫಿಲ ಸ್ಯೂಡೊಆಬ್‌ಸ್ಕ್ಯುರ ಎಂಬ ಕಾಡುನೊಣದ ಮೂರನೇ ಕ್ರೋಮೋಸೋಮನ್ನು ಹೀಗೆ ಓದಿ ಅದರ ವಂಶಾವಳಿ ಬರೆದರು. ಒಂದು ಕಡೆ ಕೊಂಡಿ ತಪ್ಪಿತ್ತು. ಅಲ್ಲಿ ಇಂಥ ಜೋಡಣೆ ಇದ್ದಿರಲೇಬೇಕು ಎಂದು ಲೆಕ್ಕ ಹಾಕಿ, ಕಣ್ಣಿಗೆ ಬೀಳದ ಅದಕ್ಕೆ 'ಹೈಪೊಥೆಟಿಕಲ್' ಎಂದೇ ಹೆಸರಿಟ್ಟರು. ಆನುವಂಶಿಕ ಸಾಕ್ಷಿಯಿಂದ ವಂಶವೃಕ್ಷ ಬರೆಯುವ ಕೆಲಸ ಶುರುವಾದದ್ದು ಅಲ್ಲಿಂದ.

ಮೈಸೂರಿನಲ್ಲಿ ಎಂ.ಆರ್. ರಾಜಶೇಖರಶೆಟ್ಟಿ, ಎನ್.ಬಿ. ಕೃಷ್ಣಮೂರ್ತಿ, ಎಚ್.ಎ. ರಂಗನಾಥ್ ಅವರಂಥ ಹಿರಿಯರು ಈ ವಿದ್ಯೆಯನ್ನು ಬೆಳೆಸಿದರು. ಡ್ರೊಸೊಫಿಲ ಮೈಸೂರೆನ್ಸಿಸ್, ಡ್ರೊಸೊಫಿಲ ಆಗುಂಬೆನ್ಸಿಸ್ ಎಂಬ ನೊಣಗಳಿವೆ ಎಂದರೆ ಇಲ್ಲಿನ ಗೆಳೆಯರು ನಂಬುವುದಿಲ್ಲ. ರಂಗನಾಥ್ ಅವರ ಪ್ರಯೋಗಾಲಯದಲ್ಲಿ ಎಂಟು ಕ್ರೋಮೋಸೋಮಿನ ನಸೂಟ ನೊಣವನ್ನು ಅದರ ಹತ್ತಿರದ ನೆಂಟ, ಆರು ಕ್ರೋಮೋಸೋಮಿನ ಅಲ್ಬೊಮಿಕನ್ಸ್ ಜೊತೆ ಕೂಡಿಸಿ, ಸಂತತಿಯನ್ನು ತಲೆಮಾರುಗಟ್ಟಲೆ ಸಾಕಿದರು. ಬಾಟಲಿಯೊಳಗೇ ಹೊಸ ಕ್ರೋಮೋಸೋಮ್ ಜೋಡಣೆಯ ತಳಿಗಳು ಹುಟ್ಟಿಕೊಂಡವು. ವಂಶ ಕವಲೊಡೆಯುವುದನ್ನು ಕಣ್ಣೆದುರೇ ನೋಡಿದ ಹಾಗೆ. ಆಗ ನನಗೆ ಅದರ ಬೆಲೆ ಗೊತ್ತಿರಲಿಲ್ಲ, ಗಂಜಿ ಕಾಯಿಸುವ ಸರದಿ ಯಾವಾಗ ಮುಗಿಯುತ್ತದೋ ಎಂಬುದೇ ಚಿಂತೆ.

ಪಟ್ಟೆ ಓದುವುದು ಹತ್ತಿರದ ನೆಂಟರಿಗಷ್ಟೇ ಆಗುತ್ತದೆ. ಸೊಳ್ಳೆಗೂ ಮನೆನೊಣಕ್ಕೂ ಹೋಲಿಸಲು ಡಿಎನ್‌ಎಯ ಅಕ್ಷರಗಳನ್ನೇ ಓದಬೇಕು. ಎರಡರಲ್ಲೂ ಇರುವ ಒಂದೇ ಜೀನನ್ನು ಸಾಲಾಗಿ ಒಂದರ ಕೆಳಗೊಂದು ಬರೆದು, ಎಲ್ಲೆಲ್ಲಿ ಅಕ್ಷರ ಬದಲಾಗಿದೆ, ಆ ಬದಲಾವಣೆಯನ್ನು ಯಾರ್‍ಯಾರು ಹಂಚಿಕೊಂಡಿದ್ದಾರೆ ಎಂದು ನೋಡುವುದು. ಹೇಳಲು ಇಷ್ಟೇ. ತೊಡಕು ಏನೆಂದರೆ ಡಿಎನ್‌ಎಗೆ ಇರುವುದು ನಾಲ್ಕೇ ಅಕ್ಷರ. ಕೋಟ್ಯಂತರ ವರ್ಷಗಳಲ್ಲಿ ಒಂದೇ ಜಾಗದಲ್ಲಿ ಅಕ್ಷರ ಬದಲಾಗಿ, ಮತ್ತೆ ಬದಲಾಗಿ, ಆಕಸ್ಮಿಕವಾಗಿ ಪರರ ಅಕ್ಷರಕ್ಕೇ ಬಂದು ನಿಂತಿರಬಹುದು. ಬೇಗ ಬೇಗ ಬದಲಾದ ಎರಡು ವಂಶಗಳು, ಬರಿ ಆ ಆಕಸ್ಮಿಕದಿಂದಲೇ, ಒಡಹುಟ್ಟಿದವರಂತೆ ಕಾಣುತ್ತವೆ. ಅದಕ್ಕೇ ಒಂದು ಜೀನನ್ನು ನಂಬುವ ಹಾಗಿಲ್ಲ. ಅನೇಕ ಜೀನು, ಅನೇಕ ನೊಣ ಬೇಕು. ಸಾಧ್ಯವಿರುವ ವಂಶವೃಕ್ಷಗಳಲ್ಲಿ ಯಾವುದು ಈ ಅಕ್ಷರಗಳಿಗೆ ಹೆಚ್ಚು ಒಪ್ಪುತ್ತದೆ ಎಂದು ಅಳೆದು ನೋಡಲು ಕಂಪ್ಯೂಟರೂ ಬೇಕು.

2011ರಲ್ಲಿ ಅಮೆರಿಕದ ನಾರ್ತ್ ಕೆರೊಲಿನ ಸ್ಟೇಟ್ ವಿಶ್ವವಿದ್ಯಾಲಯದ ಬ್ರಯಾನ್ ವೀಗ್‌ಮನ್, ಆಸ್ಟ್ರೇಲಿಯಾದ ಡೇವಿಡ್ ಯೇಟ್ಸ್ ಮತ್ತು ಜೊತೆಗಾರರು ಇಂಥದೊಂದು ದೊಡ್ಡ ಲೆಕ್ಕವನ್ನು ಪ್ರಕಟಿಸಿದರು. ನೊಣಗಳ 157 ಕುಟುಂಬಗಳಲ್ಲಿ 149ರಿಂದ ಮಾದರಿ ತಂದಿದ್ದರು. ಅದರೊಳಗೆ 42 ಪ್ರಭೇದಗಳಿಗೆ 14 ಜೀನುಗಳನ್ನೂ ಮೈಟೊಕಾಂಡ್ರಿಯದ ಇಡೀ ಡಿಎನ್‌ಎಯನ್ನೂ ಓದಿದ್ದರು. ಮೈಯ ಲಕ್ಷಣಗಳನ್ನೂ ಕೈಬಿಟ್ಟಿರಲಿಲ್ಲ, ಅಂಥವು 371.

ಫಲಿತಾಂಶ ಓದಿದಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಉದ್ದ ಮೀಸೆಯ ಗುಂಪು ಒಡೆದದ್ದು. ಅಣಬೆ ಬೆಳೆಯುವ ತೇವದಲ್ಲಿ, ಮನೆಯೊಳಗಿನ ಹೂಕುಂಡದಲ್ಲಿ ಏಳುವ ಕಪ್ಪು ಗುಂಗಾಡಿ ನೋಡಲು ಥೇಟ್ ಸಣ್ಣ ಸೊಳ್ಳೆ. ಆದರೆ ಅದು ಸೊಳ್ಳೆಗಿಂತ ಮನೆನೊಣಕ್ಕೆ ಹತ್ತಿರದ ನೆಂಟ. ಕಾಶ್ಮೀರದ ಹೊಳೆಯಿಂದ 1922ರಲ್ಲಿ ವರ್ಣಿಸಲಾದ, ಬಾಯಿಯೇ ಇಲ್ಲದೆ ಕೆಲವೇ ಗಂಟೆ ಬದುಕುವ ಬೆಟ್ಟದ ಗುಂಗಾಡಿಯ ಕುಟುಂಬ ಮರದ ಬುಡದಲ್ಲೇ ಕವಲೊಡೆದದ್ದಂತೆ. ಆ ಬುಡದ ಕೊಂಬೆಯ ಬಗ್ಗೆ ತಕರಾರು ಇನ್ನೂ ಮುಗಿದಿಲ್ಲ. ನೊಣಗಳ ವಂಶ ಸಮನಾಗಿ ಬೆಳೆದದ್ದಲ್ಲ ಎಂದೂ ಅವರು ಕಂಡರು. ಸುಮಾರು 22 ಕೋಟಿ, 18 ಕೋಟಿ ಮತ್ತು 6.5 ಕೋಟಿ ವರ್ಷಗಳ ಹಿಂದೆ, ಹೀಗೆ ಮೂರು ಸಲ ಒಮ್ಮೆಗೇ ಕವಲುಗಳು ಸ್ಫೋಟಿಸಿವೆ. ಕೊನೆಯದು ಡೈನೊಸಾರುಗಳು ಅಳಿದ ಹೊತ್ತಿನದು. ಮನೆನೊಣ, ನೊರಜು, ಮಾವಿನ ನೊಣ, ರೇಷ್ಮೆಯ ಊಜಿ ಎಲ್ಲವೂ ಆ ಕೊನೆಯ ಕವಲಿನ ಮಕ್ಕಳು. ದೊಡ್ಡ ಅವಿಭಕ್ತ ಕುಟುಂಬ ಒಂದೇ ವರ್ಷದಲ್ಲಿ ಹತ್ತು ಪಾಲಾದರೆ ಯಾರು ಮೊದಲು ಹೊರಟರು ಎಂದು ಹೇಳುವುದು ಹೇಗೆ ಕಷ್ಟವೋ, ಇಲ್ಲಿಯೂ ಹಾಗೆಯೇ. ಈಗಲೂ ಜಗಳ ಇರುವುದು ಈ ಕೊಂಬೆಯಲ್ಲೇ ಹೆಚ್ಚು.

ಅದೇ ಕೊಂಬೆಯಲ್ಲಿ ಜೇನುಹೇನು ಎಂಬ ಒಂದು ವಿಚಿತ್ರ ಜೀವಿಯಿದೆ. ರೆಕ್ಕೆಯಿಲ್ಲ, ಸಮತೋಲದ ಕಡ್ಡಿಯೂ ಇಲ್ಲ, ಜೇನುಹುಳುವಿನ ಮೈಮೇಲೆ ಕೂತು ಅದರ ಬಾಯಿಯ ಊಟ ಕದಿಯುತ್ತದೆ. ನೋಡಿದರೆ ಹೇನು. 2011ರ ಲೆಕ್ಕದಲ್ಲಿ ಅದು ನನ್ನ ಮೈಸೂರಿನ ನೊರಜಿನ ಹತ್ತಿರದ ನೆಂಟನಾಗಿ ಬಂತು. 2024ರಲ್ಲಿ ಅದರ ಇಡೀ ಜೀನೋಮ್ ಓದಿದವರು ನೆಂಟ ಮಾತ್ರವಲ್ಲ, ನೊರಜಿನ ಕುಟುಂಬದ ಒಳಗಿನದೇ ಎಂದರು.

ಇಂಥದೇ ಇನ್ನೊಂದನ್ನು ನಾವು ಸಲಾಲಾದಲ್ಲಿ ನೋಡಿದ್ದೇವೆ. ಖರೀಫ್ ಮಳೆ ನೋಡಲು ಹೋದಾಗ ರಸ್ತೆ ಬದಿಯ ಒಂಟೆಯ ಬಾಲದ ಬುಡದಲ್ಲಿ ಚಪ್ಪಟೆ ನೊಣವೊಂದು ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತಿತ್ತು. ಒಂಟೆಯವನು ಹಿಡಿದು ಬೆರಳಲ್ಲಿ ಹೊಸಕಿದ, ಅದು ಸಾಯದೆ ಮತ್ತೆ ಹಾರಿತು. ಹಿಪ್ಪೊಬಾಸ್ಕ ಕ್ಯಾಮೆಲಿನ, ಒಂಟೆಯ ರಕ್ತ ಕುಡಿದು ಬದುಕುವ ನೊಣ. ಇದು ಮೊಟ್ಟೆಯಿಡುವುದಿಲ್ಲ. ಒಂದು ಸಲಕ್ಕೆ ಒಂದೇ ಮರಿಯನ್ನು ಹೊಟ್ಟೆಯಲ್ಲಿಟ್ಟು, ಒಳಗೇ ಹಾಲಿನಂಥ ರಸ ಊಡಿಸಿ, ಬಲಿತ ಮೇಲೆ ಹೆರುತ್ತದೆ. ಆಫ್ರಿಕಾದಲ್ಲಿ ನಿದ್ರಾರೋಗ ಹರಡುವ ತ್ಸೆತ್ಸೆ ನೊಣವೂ ಹೀಗೆಯೇ ಹೆರುತ್ತದೆ, ಬಾವಲಿಯ ಮೈಮೇಲಿನ ರೆಕ್ಕೆಯಿಲ್ಲದ ನೊಣಗಳೂ ಹಾಗೆಯೇ. ನೋಡಲು ಒಂದಕ್ಕೊಂದು ಹೋಲಿಕೆಯಿಲ್ಲದ ಇವೆಲ್ಲ ಒಂದೇ ಅಜ್ಜಿಯ ಮಕ್ಕಳು ಎಂಬುದನ್ನು ಜೀನುಗಳೂ ದೃಢಪಡಿಸಿವೆ. ಈ ಸಲ ಹೊಟ್ಟೆಯೊಳಗಿನ ಹಾಲು ಹೇಳಿದ್ದು ನಿಜವಾಗಿತ್ತು. ಮೈಯ ಲಕ್ಷಣ ಯಾವಾಗಲೂ ಸುಳ್ಳು ಹೇಳುವುದಿಲ್ಲ ನೋಡಿ.

ನೆಂಟಸ್ತಿಕೆ ಗೊತ್ತಾದ ಮೇಲೆ ಹೆಸರು ಬದಲಿಸಬೇಕೇ? ಅಲ್ಲೊಂದು ಮಜಾ ನಡೆಯಿತು. ಡ್ರೊಸೊಫಿಲ ಎಂಬ ಕುಲದಲ್ಲಿ ಸಾವಿರದೈನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಬೇರೆ ಹೆಸರಿನ ಹಲವು ಕುಲಗಳು ಅದರ ಹೊಟ್ಟೆಯೊಳಗಿಂದಲೇ ಕವಲೊಡೆದಿವೆ ಎಂದು ಡಿಎನ್‌ಎ ತೋರಿಸಿತು. ಸರಿಯಾಗಿ ಪಾಲು ಮಾಡಿದರೆ ಮೂಲ ಹೆಸರು ಹೋಗಬೇಕಾದದ್ದು ಫುನೆಬ್ರಿಸ್ ಎಂಬ, ಹೆಚ್ಚು ಜನ ಕೇಳದ ನೊಣದ ಪಾಲಿಗೆ. ಲೋಕವೆಲ್ಲ ಬಲ್ಲ ಡ್ರೊಸೊಫಿಲ ಮೆಲನೊಗ್ಯಾಸ್ಟರ್, ಸೋಫೊಫೊರ ಮೆಲನೊಗ್ಯಾಸ್ಟರ್ ಆಗಬೇಕು. ಅದನ್ನು ತಪ್ಪಿಸಲು ಮೆಲನೊಗ್ಯಾಸ್ಟರನ್ನೇ ಕುಲದ ಮೂಲಪುರುಷ ಎಂದು ಘೋಷಿಸಿ ಎಂಬ ಅರ್ಜಿ 2007ರಲ್ಲಿ ಪ್ರಾಣಿನಾಮಗಳ ಅಂತರರಾಷ್ಟ್ರೀಯ ಆಯೋಗದ ಮುಂದೆ ಹೋಯಿತು. 2010ರಲ್ಲಿ ಆಯೋಗ ಒಪ್ಪಲಿಲ್ಲ. ಕೊನೆಗೆ ಯಾರೂ ಪಾಲು ಮಾಡದೆ, ನೆಂಟಸ್ತಿಕೆ ತಪ್ಪಿದ್ದರೂ ಹಳೆಯ ಹೆಸರನ್ನೇ ಬಳಸುತ್ತಿದ್ದಾರೆ. ನನಗೆ ಸಮಾಧಾನವೇ ಆಯಿತು. ಎರಡು ವರ್ಷ ಗಂಜಿ ಕಾಯಿಸಿ ಸಾಕಿದ ನೊಣದ ಹೆಸರಲ್ಲವೇ.

ಇನ್ನು ಮಾವನ ಪ್ರಶ್ನೆ. ಅದು ಹೆಸರಿನ ಮಜಾ ಅಲ್ಲ.

2003ರಲ್ಲಿ ಕೀನ್ಯಾದಲ್ಲಿ ಮಾವು ಹಾಳುಮಾಡುವ ಹೊಸ ನೊಣ ಸಿಕ್ಕಿತು. 2005ರಲ್ಲಿ ಅದಕ್ಕೆ ಬ್ಯಾಕ್ಟ್ರೊಸೆರ ಇನ್ವೇಡೆನ್ಸ್, ಅಂದರೆ ದಾಳಿಕೋರ, ಎಂದು ಹೆಸರಿಟ್ಟರು. ಅದು ಆಫ್ರಿಕಾದ ತುಂಬ ಹರಡಿತು. ಹೊಸ ಪ್ರಭೇದ, ನಮ್ಮಲ್ಲಿಲ್ಲದ ಪೀಡೆ ಎಂದು ಆಮದು ದೇಶಗಳು ಅಲ್ಲಿನ ಹಣ್ಣಿಗೆ ಬಾಗಿಲು ಹಾಕಿದವು. ಇತ್ತ ಆಗ್ನೇಯ ಏಷ್ಯಾದಲ್ಲಿ ಪಪಾಯೆ ಮತ್ತು ಫಿಲಿಪ್ಪಿನೆನ್ಸಿಸ್ ಎಂಬ ಇನ್ನೆರಡು ಹೆಸರುಗಳು 1994ರಿಂದಲೇ ಇದ್ದವು. ನಮ್ಮ ಮಾವಿನ ನೊಣ ಡಾರ್ಸಾಲಿಸ್ ಸೇರಿ ನಾಲ್ಕು. ಬೆನ್ನಿನ ಬಣ್ಣ, ಚುಚ್ಚುವ ಅಂಗದ ಉದ್ದ ಎಂದು ಕೂದಲೆಳೆಯ ವ್ಯತ್ಯಾಸಗಳ ಮೇಲೆ ನಿಂತ ಹೆಸರುಗಳು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಸೇರಿ ಇದನ್ನು ಕೈಗೆತ್ತಿಕೊಂಡವು. ಅಣುಶಕ್ತಿಗೂ ನೊಣಕ್ಕೂ ಏನು ಸಂಬಂಧ ಎಂದರೆ, ಗಂಡುನೊಣಗಳನ್ನು ವಿಕಿರಣದಿಂದ ಬಂಜೆ ಮಾಡಿ ಲಕ್ಷಗಟ್ಟಲೆ ತೋಟಕ್ಕೆ ಬಿಡುವ ವಿಧಾನವಿದೆ. ಹೆಣ್ಣು ಅವುಗಳ ಜೊತೆ ಕೂಡಿದರೆ ಮೊಟ್ಟೆ ಒಡೆಯುವುದಿಲ್ಲ. ಆದರೆ ಬೇರೆ ಪ್ರಭೇದವಾದರೆ ಹೆಣ್ಣು ಹತ್ತಿರವೇ ಸೇರಿಸುವುದಿಲ್ಲ, ಖರ್ಚೆಲ್ಲ ನೀರುಪಾಲು. ಆದ್ದರಿಂದ ನಾಲ್ಕೋ ಒಂದೋ ತಿಳಿಯಲೇಬೇಕಿತ್ತು. 20 ದೇಶಗಳ ಸುಮಾರು 50 ಜನ ಜೀನುಗಳನ್ನು ಓದಿದರು, ಕ್ರೋಮೋಸೋಮಿನ ಪಟ್ಟೆ ಹೋಲಿಸಿದರು, ಗಂಡು ಬಿಡುವ ವಾಸನೆಯನ್ನು ಅಳೆದರು, ಪಂಜರದಲ್ಲಿ ಕೂಡಿಸಿಯೂ ನೋಡಿದರು. ನಾಲ್ಕೂ ಒಂದರೊಡನೊಂದು ಸಲೀಸಾಗಿ ಕೂಡಿ ಮಕ್ಕಳು ಮೊಮ್ಮಕ್ಕಳನ್ನು ಹೆತ್ತವು. ಜೀನಿನಲ್ಲಿ ಗೋಡೆ ಕಾಣಲಿಲ್ಲ. 2014ರ ಅಕ್ಟೋಬರಿನಲ್ಲಿ ನಾಲ್ಕೂ ಒಂದೇ ಎಂದು ಸಾರಿದರು. ಹಳೆಯ ಹೆಸರು ಡಾರ್ಸಾಲಿಸ್ ಉಳಿಯಿತು. ಅದೇ ಗುಂಪಿನ ಕ್ಯಾರಂಬೊಲೆ ಎಂಬುದು ಮಾತ್ರ ಬೇರೆಯೇ ಎಂದು ಖಚಿತವಾಯಿತು. ಇನ್ನು ಒಂದೇ ನೊಣಕ್ಕೆ ಎರಡು ಹೆಸರಿದೆ ಎಂಬ ಕಾರಣಕ್ಕೆ ಯಾವ ರೈತನ ಹಣ್ಣನ್ನೂ ತಡೆಯುವಂತಿಲ್ಲ. ಕೀನ್ಯಾದ ರೈತ ಅಷ್ಟು ವರ್ಷ ತೆತ್ತದ್ದನ್ನು ಯಾರು ಹಿಂದಿರುಗಿಸುತ್ತಾರೆ, ಅದು ಬೇರೆ ಮಾತು.

ಅದೇ ವರ್ಷ ಮೇ 1ರಿಂದ ಯುರೋಪಿಯನ್ ಒಕ್ಕೂಟ ಹಣ್ಣು ನೊಣದ ಕಾರಣಕ್ಕೆ ಭಾರತದ ಮಾವನ್ನು ನಿಲ್ಲಿಸಿತ್ತು. 2015ರ ಆರಂಭದಲ್ಲಿ ತೆರವು ಮಾಡಿದರು. ಹಣ್ಣನ್ನು 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಅದ್ದಿ ಕಳಿಸುವ ಪದ್ಧತಿ ಗಟ್ಟಿಯಾದದ್ದು ಆಗ. ಮಾವನ ಹಣ್ಣು ಲಂಡನ್ನಿಗೆ ಹೋಗುವುದಲ್ಲ. "ಲಂಡನ್ನಿಗೆ ಹೋಗೋದು ಇಲ್ಲೇ ಬಂದು ಬಿದ್ದರೆ ನಮ್ಮದನ್ನ ಕೇಳೋರು ಯಾರಮ್ಮ" ಎಂದು ಆಗ ಅವರು ಅಂದದ್ದು ನೆನಪಿದೆ.

ಇಷ್ಟನ್ನೂ ಒಂದು ಶುಕ್ರವಾರ ಫೋನಿನಲ್ಲಿ ಹೇಳಿದೆ. ಮಾವ ಎಲ್ಲ ಕೇಳಿಸಿಕೊಂಡು, "ಅದೆಲ್ಲ ಇರಲಿ. ಮಾವಿನ ತೋಟದಲ್ಲಿ ಮೋಹಕ ಬಲೆ ಕಟ್ಟಿದೀನಿ, ಚೆನ್ನಾಗಿ ಬೀಳ್ತವೆ. ಅದನ್ನೇ ನಿಮ್ಮತ್ತೆ ಹಾಗಲಕಾಯಿ ಚಪ್ಪರಕ್ಕೂ ಕಟ್ಟಿದ್ಲು. ಒಂದೂ ಬೀಳಲಿಲ್ಲ. ಕಾಯೆಲ್ಲ ಹುಳ. ಔಷಧಿ ಅಂಗಡಿಯವನು ಮೋಸ ಮಾಡಿದ" ಅಂದರು.

ನನಗೆ ಕೂತಲ್ಲೇ ಮೈ ಜುಮ್ಮೆಂದಿತು. ಮಾವಿನ ಬಲೆಯಲ್ಲಿರುವುದು ಮೀಥೈಲ್ ಯುಜಿನಾಲ್, ನಮ್ಮ ತುಳಸಿಯಲ್ಲೂ ಇರುವ ವಸ್ತು. ಡಾರ್ಸಾಲಿಸ್ ಗಂಡು ಅದಕ್ಕೆ ಸಾಯುತ್ತದೆ. ಆದರೆ ಹಾಗಲ, ಹೀರೆ, ಸೌತೆಗೆ ಬೀಳುವ ನೊಣ ಬೇರೆ. ಅದನ್ನೂ ಮೊದಲು ಬ್ಯಾಕ್ಟ್ರೊಸೆರ ಎಂದೇ ಕರೆಯುತ್ತಿದ್ದರು. ಅದರ ಗುಂಪು ಮಾವಿನ ನೊಣಕ್ಕಿಂತ ಡೇಕಸ್ ಎಂಬ ಇನ್ನೊಂದು ಕುಲಕ್ಕೆ ಹತ್ತಿರ ಎಂದು ಡಿಎನ್‌ಎ ಹೇಳಿತು. 2015ರಲ್ಲಿ ಆ ಗುಂಪನ್ನು ಬೇರೆ ಮನೆ ಮಾಡಿ ಜ್ಯೂಗೊಡೇಕಸ್ ಎಂದರು. ಆ ಎರಡು ಮನೆಯ ಗಂಡುಗಳಲ್ಲಿ ಬಹುಪಾಲು ಓಡಿಬರುವುದು ಕ್ಯೂ ಲ್ಯೂರ್ ಎಂಬ ಬೇರೆ ವಾಸನೆಗೆ. ಡೇಕಸಿನ ಪಕ್ಕದ ಮನೆಯದು ಎಂದು ಗೊತ್ತಿದ್ದರೆ ಮೀಥೈಲ್ ಯುಜಿನಾಲ್ ಬಲೆಗೆ ಅದು ಬರುತ್ತದೆಂದು ಯಾರೂ ಕಾಯುವುದಿಲ್ಲ.

"ಅಂಗಡಿಯವನದು ತಪ್ಪಲ್ಲ ಮಾವ. ಚಪ್ಪರಕ್ಕೆ ಕ್ಯೂ ಲ್ಯೂರ್ ಅಂತ ಕೇಳಿ ತನ್ನಿ. ಅದು ಬೇರೆ ಮನೆತನ" ಅಂದೆ.

ಎರಡು ವಾರ ಏನೂ ಸುದ್ದಿಯಿಲ್ಲ. ಆಮೇಲೆ ಒಂದು ಬೆಳಗ್ಗೆ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ, ವಾಟ್ಸಾಪಿನಲ್ಲಿ ಫೋಟೊ ಬಂತು. ಕತ್ತರಿಸಿದ ನೀರಿನ ಬಾಟಲಿ, ತಳದಲ್ಲಿ ಅಂಗೈ ತುಂಬುವಷ್ಟು ಸತ್ತ ನೊಣ. ಕೆಳಗೆ ಅತ್ತೆಯ ಧ್ವನಿಯಲ್ಲಿ ಸಂದೇಶ: "ಇವು ಯಾರ ಮನೆಯವು, ನೋಡಿ ಹೇಳಮ್ಮ."

ಬೆರಳಿಂದ ಹಿಗ್ಗಿಸಿ ನೋಡಿದೆ. ಬೆನ್ನಿನ ಎರಡು ಪಕ್ಕಕ್ಕೊಂದೊಂದು ಹಳದಿ ಗೆರೆ, ನಡುವೆ ಮತ್ತೊಂದು. ಮಾವಿನ ನೊಣಕ್ಕೆ ನಡುವಿನ ಗೆರೆ ಇರುವುದಿಲ್ಲ. "ಮೂರು ಗೆರೆ ಇದೆ ಅತ್ತೆ, ನಿಮ್ಮ ಚಪ್ಪರದವೇ" ಎಂದು ಬರೆದು, ಬ್ಯಾಗ್ ಹೆಗಲಿಗೇರಿಸಿ ಹೊರಟೆ.